ಸಹಾಯ ಬೇಕು: ಹಳೇ ಝಡ್4ಗೆ ಕಡಿಮೆ ಖರ್ಚಿನ ಸಸ್ಪೆನ್ಷನ್ ಪಾರ್ಟ್ಸ್

ಪುಣೆ, ಮುಂಬೈ ಕಡೆಯ ಕನ್ನಡದ ಕಾರ್ ಪ್ರಿಯರೇ, ಸ್ವಲ್ಪ ದಾರಿ ತೋರಿಸಿ. ನನ್ನದು 2005ರ ಬಿಎಂಡಬ್ಲ್ಯು ಝಡ್4, ಮೂರನೇ ಕೈ. ಪುಣೆಯ ಕೋಥ್ರೂಡ್‌ನಲ್ಲಿ ಇದ್ದೇನೆ. ಈ ಮಳೆಗಾಲದ ಗುಂಡಿಗಳಲ್ಲಿ ಮುಂದಿನ ಎಡಗಡೆಯಿಂದ ಟಕ್ ಟಕ್ ಶುರುವಾಯಿತು. ಚಕ್ರ ಬಿಚ್ಚಿ ನೋಡಿದರೆ ಶಾಕ್ (ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್) ಮೇಲೆ ಎಣ್ಣೆ ಇಳಿದು ಧೂಳು ಕೆಸರಿನ ಹಾಗೆ ಮೆತ್ತಿಕೊಂಡಿದೆ, ಚಕ್ರವನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ಹಿಂದಿನ ಬುಷ್‌ನ (ಕೀಲಿನ) ರಬ್ಬರ್ ಉಗುರು ತೂರುವಷ್ಟು ಸೀಳಿದೆ.

ಒಂದು ವರ್ಕ್‌ಶಾಪ್ ಎಲ್ಲಾ ಒರಿಜಿನಲ್ ಹಾಕಿ ಅಂತ ಕೊಟ್ಟ ಕೊಟೇಶನ್ ಹೆಂಡತಿಗೆ ಇನ್ನೂ ತೋರಿಸಿಲ್ಲ!

ಶಾಕ್‌ಗೆ ಸ್ಯಾಕ್ಸ್ ಕಂಪನಿಯದು ಅಥವಾ ಬಿಲ್‌ಸ್ಟೈನ್ ಕಂಪನಿಯ ಬಿ4 ಮಾಡೆಲ್ ಅಂದುಕೊಂಡಿದ್ದೇನೆ. ಬಿ6 ಚೆನ್ನಾಗಿದೆ, ಆದರೆ ಗಟ್ಟಿ ಜಾಸ್ತಿ, ನನ್ನ ರನ್‌ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ, ಗಟ್ಟಿ ಗೋಡೆಯ) ಟೈರ್ ಜೊತೆ ಸೊಂಟ ಮುರಿದೀತು ಅಲ್ವಾ? ಕಾರನ್ನು ತಗ್ಗಿಸಲು ಹಾಕುವ ಕಾಯಿಲ್‌ಓವರ್ ಬೇಡವೇ ಬೇಡ, ನಮ್ಮ ಸೊಸೈಟಿ ಹಂಪ್‌ಗೆ ಈಗಲೇ ಹೊಟ್ಟೆ ತಾಗುತ್ತದೆ.

ಬುಷ್‌ಗೆ ಲೆಮ್‌ಫೋರ್ಡರ್ ಕಂಪನಿಯದು ತಗೊಳ್ಳಲಾ, ಮೈಲೆ ಕಂಪನಿಯ ಎಚ್‌ಡಿ (ಹೆಚ್ಚು ಗಟ್ಟಿಮುಟ್ಟಾದ್ದು) ತಗೊಳ್ಳಲಾ? ಬಿಎಂಡಬ್ಲ್ಯುದೇ ಹಳೇ ಇ46 ತ್ರೀ ಸೀರೀಸ್ ಕಾರಿನದು ಇದಕ್ಕೂ ಕೂರುತ್ತದೆ ಅಂತಾರೆ, ಹಾಕಿ ನೋಡಿದವರು ಹೇಳಿ. ಇಲ್ಲಿನ ನಾನಾ ಪೇಠ್ ಪಾರ್ಟ್ಸ್ ಅಂಗಡಿಗಳಲ್ಲಿ ಸಿಗದಿದ್ದರೆ ಮುಂಬೈನ ಕುರ್ಲಾಗೆ ಹೋಗಲು ರೆಡಿ, ಆದರೆ ಸೆಕೆಂಡ್‌ಹ್ಯಾಂಡ್ ಶಾಕ್ ಮಾತ್ರ ಸುಮ್ನೆ ಕೊಟ್ಟರೂ ಬೇಡ. ಶಾಕ್‌ನ ಮೇಲ್ತುದಿ ಕೂರುವ ಟಾಪ್ ಮೌಂಟ್, ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ಬಂಪ್ ಸ್ಟಾಪ್ ಕೂಡ ಒಟ್ಟಿಗೇ ಬದಲಾಯಿಸಿದವರು ಎಷ್ಟಾಯಿತು ಅಂತ ತಿಳಿಸಿ.