ಪಾರ್ಕಿನಲ್ಲಿ ಏಳು ಸುತ್ತಿನ ಲ್ಯಾಬಿರಿಂತ್: ಅಳತೆ ಎಷ್ಟು, ಬರೆಯೋದು ಹೇಗೆ?

ಕುವೆಂಪುನಗರ: ನಮ್ಮ ಬಡಾವಣೆಯ ಪಾರ್ಕಿನಲ್ಲಿ 40 ಅಡಿ ಚೌಕದ ಮಣ್ಣಿನ ಜಾಗ ಖಾಲಿ ಇದೆ. ಬೆಳಗ್ಗೆ ಮೌನವಾಗಿ ನಡೆಯಲು ಅಲ್ಲೊಂದು ಲ್ಯಾಬಿರಿಂತ್, ಅಂದರೆ ಸುತ್ತಿ ಸುತ್ತಿ ನಡುವಿಗೆ ಹೋಗುವ ದಾರಿ, ಬರೆಯಬೇಕು. ಕಾಗದದ ಮೇಲೆ ಬರೆದು ನೋಡಿದರೆ ದಾರಿ ಮಧ್ಯದಲ್ಲೇ ಮುಚ್ಚಿಹೋಗುತ್ತಿದೆ. ಎಲ್ಲಿ ತಪ್ಪುತ್ತಿದೆ?

ಕೆರೆದಂಡೆ: ಲ್ಯಾಬಿರಿಂತ್‌ನಲ್ಲಿ ಕವಲು ಇರೋದಿಲ್ಲ, ಒಂದೇ ದಾರಿ. ಮುಚ್ಚಿದೆ ಅಂದರೆ ಯಾವುದೋ ತುದಿ ಬಿಟ್ಟುಹೋಗಿದೆ, ಹೆಚ್ಚಾಗಿ ಮೂಲೆಯ ಚುಕ್ಕಿ.

ರಂಗೋಲಿ ಥರ 5 ಸಾಲು, ಸಾಲಿಗೆ 5 ಚುಕ್ಕಿ ಇಡಿ, ನಡುವೆ 2 ಅಡಿ ಅಂತರ. ಮಧ್ಯದ ಅಡ್ಡಸಾಲು, ಉದ್ದಸಾಲು ಸೇರಿಸಿದರೆ ಪ್ಲಸ್. ಅದರ ನಾಲ್ಕು ಸಂದಿನಲ್ಲೂ ಒಳಚುಕ್ಕಿಯಿಂದ ಅಂಚಿನ ಎರಡು ಚುಕ್ಕಿಗೆ ಗೆರೆ ಎಳೆಯಿರಿ. ಮೂಲೆಯ ನಾಲ್ಕು ಚುಕ್ಕಿ ಹಾಗೇ ಇರಲಿ. ಈಗ ಅಂಚಿನ 16 ಚುಕ್ಕಿಯೂ ಒಂದೊಂದು ತುದಿ. ಪ್ಲಸ್ಸಿನ ತಲೆಯನ್ನು ಅದರ ಬಲಪಕ್ಕದ ತುದಿಗೆ ಕಮಾನಿನಂತೆ ಸೇರಿಸಿ. ಆಮೇಲೆ ತಲೆಯ ಎಡಪಕ್ಕದ ತುದಿಯಿಂದ ಮೇಲಿನ ಬಲಮೂಲೆಗೆ. ಹೀಗೇ ಎಡಕ್ಕೊಂದು, ಬಲಕ್ಕೊಂದು ತುದಿ ಮುಂದೆ ಹೋಗುತ್ತಾ ಬಂದರೆ ಎಂಟನೇ ಕಮಾನು ಪ್ಲಸ್ಸಿನ ಕಾಲಿಗೆ ಮುಗಿಯುತ್ತದೆ. ಬಾಯಿ, ಅಂದರೆ ಒಳಗೆ ಹೋಗುವ ಜಾಗ, ಆ ಕಾಲಿನ ಎಡಕ್ಕಿರುತ್ತದೆ.

ಒಟ್ಟು ಅಗಲ 30 ಅಡಿ, ಉದ್ದ 27. ಚುಕ್ಕಿಗಳನ್ನು ಜಾಗದ ನಟ್ಟನಡುವೆ ಇಟ್ಟರೆ ಮೇಲ್ಗಡೆ ಇಕ್ಕಟ್ಟಾಗುತ್ತದೆ: ಮೇಲಿನ ಸಾಲಿನಿಂದಾಚೆ 15 ಅಡಿ ಬೇಕು, ಕೆಳಗೆ 4 ಅಡಿ ಸಾಕು. ಸರಿಯಾಗಿದ್ದರೆ, ತೀರಾ ಹೊರಗಿನ ಸುತ್ತನ್ನು 1 ಅಂತ ಎಣಿಸಿದಾಗ, ನಡೆಯುವವರಿಗೆ ಸುತ್ತುಗಳು 3, 2, 1, 4, 7, 6, 5 ಈ ಕ್ರಮದಲ್ಲಿ ಸಿಗುತ್ತವೆ.

ಮಂಡ್ಯದ ಕಣ: ಸುಣ್ಣದ ಪುಡಿ ಖಂಡಿತ ಬೇಡ, ಬರಿಗಾಲು ಉರಿಯುತ್ತೆ. ಮೊದಲು ಹಗ್ಗ ಹಾಸಿ ನಡೆದು ನೋಡಿ, ತಪ್ಪಿದ್ದರೆ ಸರಿಸಬಹುದು. ಗೆರೆಗಳ ಒಟ್ಟು ಉದ್ದ ಸುಮಾರು 360 ಅಡಿ, 400 ಅಡಿ ತನ್ನಿ. ಆಮೇಲೆ ಇಟ್ಟಿಗೆ ಕೂರಿಸೋದಾದರೆ 9 ಇಂಚಿನದು ಸುಮಾರು 480 ಬೇಕು. ನೆಲಮಟ್ಟಕ್ಕೆ ಹೂಳಿ. ಎದ್ದು ನಿಂತರೆ ವಯಸ್ಸಾದವರು ತಿರುವಿನಲ್ಲಿ ಎಡವುತ್ತಾರೆ.

ಕೆರೆದಂಡೆ: ನಡೆಯೋ ಬಗ್ಗೆ: ನಡುವಿಗೆ ಸುಮಾರು 300 ಅಡಿ, ವಾಪಸ್ಸೂ ಅದೇ ದಾರಿ. ನಿಧಾನವಾಗಿ 15ರಿಂದ 20 ನಿಮಿಷ. ಒಬ್ಬರು ಹೋಗಿ ಒಂದು ನಿಮಿಷದ ಮೇಲೆ ಇನ್ನೊಬ್ಬರು ಹೊರಡಲಿ. ಎದುರು ಬಂದರೆ ಒಬ್ಬರು ಪಕ್ಕದ ಸುತ್ತಿಗೆ ಒಂದು ಹೆಜ್ಜೆ ಸರಿದು, ಮತ್ತೆ ತಮ್ಮದಕ್ಕೇ ಬರಬೇಕು. ಇಲ್ಲಿ ಮೈಮರೆತರೆ ಬಂದ ದಾರಿಯಲ್ಲೇ ಹೊರಗೆ ಬಂದುಬಿಡುತ್ತಾರೆ. ತಿರುವುಗಳಲ್ಲಿ ಕಾಲು ನಿಧಾನಿಸಿ, ಇಲ್ಲದಿದ್ದರೆ ತಲೆ ಸುತ್ತಬಹುದು.

ಕುವೆಂಪುನಗರ: ತುಂಬಾ ಉಪಕಾರ ಆಯ್ತು. ನಡುವೆ ತುಳಸಿಕಟ್ಟೆ ಇರಲಿ ಅಂತ ಹಿರಿಯರು ಹೇಳ್ತಿದ್ದಾರೆ, ಆಗುತ್ತಾ?

ಮಂಡ್ಯದ ಕಣ: ಬೇಡ ಅನ್ಸುತ್ತೆ. ಈ ವಿನ್ಯಾಸದಲ್ಲಿ ನಡುಜಾಗ ಎರಡೇ ಅಡಿ, ಕಟ್ಟೆ ಬಂದರೆ ನಿಂತು ತಿರುಗೋಕೆ ಆಗಲ್ಲ. ಫ್ರಾನ್ಸಿನ ಶಾರ್ತ್ರ್ ಕೆಥೆಡ್ರಲ್‌ನಲ್ಲಿರುವಂಥ 11 ಸುತ್ತಿನದಾದರೆ ನಡುವೆ ನಾಲ್ಕು ಜನ ನಿಲ್ಲಬಹುದು, ಆದರೆ ಅದರ ಅಡ್ಡಳತೆಯೇ ಸುಮಾರು 13 ಮೀಟರ್, ನಿಮ್ಮ ಜಾಗ ಸಾಲದು. ಇನ್ನೊಂದು ವಿಷಯ, ಇಲ್ಲಿ ಒಂದು ಸುತ್ತು ಪ್ರದಕ್ಷಿಣೆಯಾದರೆ ಮುಂದಿನದು ಅಪ್ರದಕ್ಷಿಣೆ. ತುಳಸಿ ಇಟ್ಟ ಮೇಲೆ ಅದೇ ಹಿರಿಯರು ಬೇಜಾರಾಗುತ್ತಾರೆ. ಕಟ್ಟೆಯನ್ನು ಬಾಯಿಂದ ಹತ್ತಡಿ ಈಚೆಗೆ ಕಟ್ಟಿ, ನಡೆಯುವ ಮುಂಚೆ ಕೈಮುಗಿದು ಒಳಗೆ ಹೋಗಲಿ.