ಐಸಿಯುನಲ್ಲಿರುವ ಅಪ್ಪನಿಗೆ ಹಾಡು ಹಚ್ಚಬಹುದಾ ಸಿಸ್ಟರ್?

ಪ್ರಶ್ನೆ (ಸಿಂಧನೂರಿನಿಂದ): ನಮಸ್ಕಾರ ಸಿಸ್ಟರ್. ನಮ್ಮ ಅಪ್ಪನಿಗೆ ಎಪ್ಪತ್ತು ದಾಟಿದೆ, ಲಕ್ವ ಹೊಡೆದು ಬಳ್ಳಾರಿಯಲ್ಲಿ ಐಸಿಯುನಲ್ಲಿದ್ದಾರೆ. ಕಣ್ಣು ಬಿಡುತ್ತಾರೆ, ಮಾತಿಲ್ಲ. ಆಗಾಗ ಸಲೈನ್ ಪೈಪ್ ಕಿತ್ತುಕೊಳ್ಳೋಕೆ ನೋಡುತ್ತಾರೆ. ಊರಿನ ಭಜನಾ ಮಂಡಳಿಯಲ್ಲಿ ತಾಳ ಹಾಕುತ್ತಿದ್ದವರು, ತತ್ವಪದ ಅಂದ್ರೆ ಪ್ರಾಣ. ಮೊಬೈಲ್‌ನಲ್ಲಿ ಹಚ್ಚಿ ದಿಂಬಿನ ಹತ್ತಿರ ಇಡಬಹುದಾ? ನಮ್ಮ ಕಾಕಾ ಇಡೀ ದಿನ ಮಂತ್ರ ಹಚ್ಚಿಡು ಅನ್ನುತ್ತಾರೆ, ತಂಗಿ ಏನೂ ಬೇಡ, ಸುಮ್ನೆ ಮಲಗಲಿ ಅನ್ನುತ್ತಾಳೆ.

ಉತ್ತರ (ಐಸಿಯು ಸ್ಟಾಫ್ ನರ್ಸ್): ಹಚ್ಚಬಹುದು ಅಣ್ಣಾ. ಆದರೆ ಮೊದಲು ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಕೇಳಿ, ಕೆಲವು ಐಸಿಯುಗಳಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ. ಹಾಡಿನಿಂದ ಲಕ್ವ ವಾಸಿಯಾಗುವುದಿಲ್ಲ, ಈ ರಾಗಕ್ಕೆ ಆ ಕಾಯಿಲೆ ಹೋಗುತ್ತದೆ ಅಂತ ಬರುವ ಫಾರ್ವರ್ಡ್ ಮೆಸೇಜು ನಂಬಬೇಡಿ. ಗಾಬರಿ ಕಡಿಮೆ ಆಗಬಹುದು, ನೋವೂ ಸ್ವಲ್ಪ ತಗ್ಗಬಹುದು. 2018ರಲ್ಲಿ ಅಮೆರಿಕದ ಐಸಿಯು ವೈದ್ಯರ ಸಂಘದ ಮಾರ್ಗಸೂಚಿಯಲ್ಲೇ ನೋವಿಗೆ ಔಷಧದ ಜೊತೆ ಸಂಗೀತವನ್ನೂ ಕೊಡಬಹುದು ಅಂತ ಇದೆ.

ಇಡೀ ದಿನ ಮಾತ್ರ ಬೇಡವೇ ಬೇಡ. ಒಳಗೆ ಮೊದಲೇ ಮಾನಿಟರ್ ಕಿರ್ ಅನ್ನುತ್ತಿರುತ್ತದೆ, ಪಂಪ್ ಕೂಗುತ್ತಿರುತ್ತದೆ, ಅದರ ಮೇಲೆ ಮಂತ್ರವೂ ನಿಲ್ಲದೆ ಓಡಿದರೆ ಅದೂ ಒಂದು ಗದ್ದಲವೇ. ಹಗಲು ಒಂದು ಇಪ್ಪತ್ತು ನಿಮಿಷ, ಆಮೇಲೆ ಬಂದ್ ಮಾಡಿ. ಪಕ್ಕದಲ್ಲಿ ಕೂತು ಮಾತಾಡುವಷ್ಟೇ ದನಿ ಇರಲಿ, ಅದಕ್ಕಿಂತ ಕಡಿಮೆ ಆದರೂ ನಡೆಯುತ್ತದೆ. ರಾತ್ರಿ ಬೇಡ. ಐಸಿಯುನಲ್ಲಿ ವಯಸ್ಸಾದವರಿಗೆ ಹಗಲು ರಾತ್ರಿ ಗೊತ್ತಾಗದೆ ಗಲಿಬಿಲಿ ಆಗುವುದು ಜಾಸ್ತಿ, ಪೈಪ್ ಕೀಳುವುದೂ ಎಷ್ಟೋ ಸಲ ಅದರಿಂದಲೇ. ಅದಕ್ಕೆ ಹಾಡಿಗಿಂತ ಮೊದಲು ಅಪ್ಪನ ಕನ್ನಡಕ, ಕಿವಿಯ ಮಿಷನ್ ಇದ್ದರೆ ಅದು, ತಂದು ಕೊಡಿ. ಕಿವಿಯ ಮಿಷನ್ ಮನೆಯಲ್ಲಿ ಬಿಟ್ಟು ಬಂದು ಹಾಡು ಹಚ್ಚುವವರನ್ನೂ ನೋಡಿದ್ದೇನೆ!

ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಂಡು ಬನ್ನಿ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಯೂಟ್ಯೂಬ್‌ನಲ್ಲಿ ಪದದ ಮಧ್ಯೆ ಸಿಮೆಂಟ್ ಜಾಹೀರಾತು ಕಿರುಚಿದರೆ ಮಲಗಿದವರು ಬೆಚ್ಚಿಬೀಳುತ್ತಾರೆ. ಫೋನ್ ಒಳಗೆ ತರುವ ಮುಂಚೆ ಸ್ಪಿರಿಟ್ ಹತ್ತಿಯಿಂದ ಒರೆಸಿ.

ಇನ್ನೊಂದು ಮಾತು, ಇದು ಮುಖ್ಯ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬೆಳಗಿನ ತನಕ ಭಜನೆ ಮಾಡುತ್ತಾರೆ ಅಲ್ವಾ? ಅಪ್ಪ ಭಜನಾ ಮಂಡಳಿಯವರು ಅಂದರೆ ಎಷ್ಟೋ ಮನೆಗಳಲ್ಲಿ ಶವದ ಮುಂದೆ ಕೂತು ತಾಳ ಹಾಕಿದವರು. ಯಾವ ಪದ ಎಲ್ಲಿ ಹಾಡುತ್ತಾರೆ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಜೀವ ಹೋಗುವುದು, ದೇಹ ಮಣ್ಣಾಗುವುದು ಅನ್ನುವ ಪದವನ್ನೇ ಕಿವಿಯ ಹತ್ತಿರ ಹಚ್ಚಿದರೆ ಮಾತು ಬಾರದ ಮನುಷ್ಯ ಏನು ಅಂದುಕೊಳ್ಳಬೇಕು? ಕೇಳೋಣ ಅಂದರೂ ಬಾಯಿಲ್ಲ. ಮಂಡಳಿಯ ಗೆಳೆಯರನ್ನು ಕೇಳಿ, ಜಾತ್ರೆಯಲ್ಲಿ, ಶ್ರಾವಣದಲ್ಲಿ ಹಾಡುವ ಪದ ಆರಿಸಿ. ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಂಡು ಬಂದರೆ ಇನ್ನೂ ಒಳ್ಳೇದು.

ಹಚ್ಚಿದ ಮೇಲೆ ಮುಖ ನೋಡಿ. ಹುಬ್ಬು ಗಂಟಾದರೆ, ತಲೆ ಆ ಕಡೆ ತಿರುಗಿಸಿದರೆ, ಕೈ ಒದ್ದಾಡಿದರೆ ನಿಲ್ಲಿಸಿ. ಮಾನಿಟರ್ ನಂಬರನ್ನು ಕ್ರಿಕೆಟ್ ಸ್ಕೋರಿನಂತೆ ನೋಡುತ್ತಾ ಕೂಡಬೇಡಿ, ಅದು ಹತ್ತು ಕಾರಣಕ್ಕೆ ಏರಿಳಿಯುತ್ತದೆ. ತಂಗಿ ಹೇಳಿದ್ದೂ ತಪ್ಪಲ್ಲ, ನಿದ್ದೆ ಹತ್ತಿದ್ದರೆ ಹಾಡಿಗಾಗಿ ಎಬ್ಬಿಸಬೇಡಿ.

ಮರುಪ್ರಶ್ನೆ (ಅವರೇ): ಸರಿ ಸಿಸ್ಟರ್. ಇಯರ್‌ಫೋನ್ ಹಾಕಲಾ?

ಉತ್ತರ: ಬೇಡ. ಬೇಡ ಅಂತ ಕಿತ್ತು ಹಾಕಲು ಅವರಿಗೆ ಆಗದಿರಬಹುದು, ಹೇಳಲಂತೂ ಆಗುವುದಿಲ್ಲ. ತಲೆಗೆ ಆಪರೇಷನ್ ಆದವರಿಗೆ, ಬ್ಯಾಂಡೇಜ್ ಇದ್ದವರಿಗೆ ಮುಟ್ಟಿಸಲೇಬೇಡಿ. ಭೇಟಿಯ ಸಮಯದಲ್ಲಿ ನೀವೇ ಫೋನ್ ಹಿಡಿದು ಕೂತುಕೊಳ್ಳಿ. ಹಚ್ಚುವ ಮುಂಚೆ "ಅಪ್ಪಾ, ನಾನು ಬಂದೀನಿ, ಒಂದು ಪದ ಹಚ್ಚತೀನಿ" ಅಂತ ಹೇಳಿ. ಪ್ರಜ್ಞೆ ಪೂರ್ತಿ ಇಲ್ಲದವರಿಗೂ ಕೇಳಿಸುತ್ತಿರಬಹುದು ಅಂತಲೇ ನಾವು ಮಾತಾಡಿಸುತ್ತೇವೆ.

ಪ್ರಶ್ನೆ (ಕೊಪ್ಪಳದಿಂದ): ಅಕ್ಕಾ, ನಮ್ಮ ಅವ್ವ ಜನರಲ್ ವಾರ್ಡಿನಲ್ಲಿದ್ದಾಳೆ. ಪಕ್ಕದ ಬೆಡ್‌ನವರು ಬೆಳಿಗ್ಗೆಯಿಂದ ಜೋರಾಗಿ ಭಕ್ತಿಗೀತೆ. ಸಾಲದ್ದಕ್ಕೆ ಹೊರಗೆ ಪೆಂಡಾಲಿನ ಡಿಜೆ. ದೇವರ ಹಾಡು ಬೇಡ ಅಂತ ಹೆಂಗೆ ಹೇಳೋದು?

ಉತ್ತರ: ಪಕ್ಕದವರಿಗೆ ನೀವು ಹೇಳಬೇಡಿ ತಂಗಿ, ಜಗಳ ಆಗುತ್ತದೆ. ವಾರ್ಡ್ ಸಿಸ್ಟರ್‌ಗೆ ಹೇಳಿ, ನಮ್ಮ ಬಾಯಿಂದ ಬಂದರೆ ಕೇಳುತ್ತಾರೆ. ಅವ್ವನಿಗೆ ಎಚ್ಚರ ಇದೆ ಅಂದರೆ ಏನು ಬೇಕು ಅಂತ ಅವರನ್ನೇ ಕೇಳಿ, ಏನೂ ಬೇಡ ಅಂದರೆ ಬಿಟ್ಟುಬಿಡಿ. ಎಚ್ಚರ ಇದ್ದವರಿಗೆ ಒಂದು ಕಿವಿಗೆ ಇಯರ್‌ಫೋನ್ ನಡೆಯುತ್ತದೆ, ಇನ್ನೊಂದು ಕಿವಿ ಡಾಕ್ಟರ್ ಮಾತಿಗೆ ಖಾಲಿ ಇರಲಿ. ಡಿಜೆಗೆ ಕಾನೂನೇ ಇದೆ: 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಸರ್ಕಾರ ಘೋಷಿಸಿದ್ದರೆ ಆಸ್ಪತ್ರೆ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಮಿತಿ ಹಗಲು 50 ಡೆಸಿಬಲ್, ರಾತ್ರಿ 40. ಡಿಜೆ ಸದ್ದು ಆ ಮಿತಿಯೊಳಗೆ ಬರುವ ಮಾತೇ ಇಲ್ಲ. 112ಕ್ಕೆ ಫೋನ್ ಮಾಡಿ, ಆಸ್ಪತ್ರೆ ಪಕ್ಕ ಅಂತ ಮೊದಲೇ ಹೇಳಿ.