ಪ್ರಶ್ನ ಕುಂಡಲಿ: ಕಳೆದದ್ದು ಕೇಳಿದರೆ ಮೂರು ಸಲವೂ ಉಲ್ಟಾ ಹೇಳಿದೆ, ಎಲ್ಲಿ ಎಡವುತ್ತಿದ್ದೇನೆ?

ಸುಮಾ_ಮೈಸೂರು
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟುಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಎಂಟು ತಿಂಗಳಿಂದ 17ನೇ ಶತಮಾನದ ಇಂಗ್ಲೆಂಡಿನ ಜೋಯಿಸ ವಿಲಿಯಂ ಲಿಲ್ಲಿಯ ಪದ್ಧತಿಯಲ್ಲಿ ಪ್ರಶ್ನೆ ನೋಡುವುದನ್ನು, ಅಂದರೆ ಪ್ರಶ್ನೆ ಬಂದ ಗಳಿಗೆಗೆ ಕುಂಡಲಿ ಹಾಕಿ ಉತ್ತರ ಹೇಳುವುದನ್ನು, ಕಲಿಯುತ್ತಿದ್ದೇನೆ. ಹನ್ನೆರಡು ಮನೆಗಳ ಪಟ್ಟಿ ಬಾಯಿಪಾಠ. ಒಂದು ಕೇಳುವವರು, ಎರಡು ದುಡ್ಡು ಮತ್ತು ಸಾಮಾನು, ಮೂರು ಒಡಹುಟ್ಟಿದವರು ಮತ್ತು ನೆರೆಯವರು, ಏಳು ಎದುರಾಳಿ ಮತ್ತು ಕಳ್ಳ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಆದರೂ ಕಳೆದದ್ದರ ಪ್ರಶ್ನೆ ಮೂರು ಸಲ ಹಾಕಿದೆ, ಮೂರೂ ಸಲ ತಪ್ಪಿತು.

ಮೊನ್ನೆಯದ್ದು ನೋಡಿ. ಜುಮಕಿ ಒಂದು ಕಾಣೆ. ಮಾರ್ಚ್ 5, ಸಂಜೆ 4.22, ಮೈಸೂರು. ಕಟಕ ಲಗ್ನ. ಎರಡನೇ ಮನೆ ಸಿಂಹ, ಅಧಿಪತಿ ರವಿ. ರವಿ ಕುಂಭದಲ್ಲಿ, ಅಂದರೆ ಎಂಟರಲ್ಲಿ, ಸಾವಿನ ಮನೆಯಲ್ಲಿ. ಹೋಯಿತು, ಇನ್ನು ಸಿಗುವುದಿಲ್ಲ ಅಂದುಬಿಟ್ಟೆ. ನಾಲ್ಕನೇ ದಿನ ಮನೆಯಲ್ಲೇ ಸಿಕ್ಕಿತು. ನನ್ನ ಮಾತು ಕೇಳಿ ಎರಡು ರಾತ್ರಿ ಅತ್ತವರ ಮುಖ ನೋಡೋಕೆ ನನಗೆ ಆಗಲಿಲ್ಲ. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಲಗ್ನಪತಿ
ಇದು ಮನೆಗಳ ಸಮಸ್ಯೆಯೇ ಅಲ್ಲ, ಸಮಯದ ಸಮಸ್ಯೆ. ಹತ್ತರಲ್ಲಿ ಒಂಬತ್ತು ಪ್ರಶ್ನೆ ಕೆಡುವುದು ಅಲ್ಲೇ. ಪ್ರಶ್ನೆ ಹುಟ್ಟಿದ ಗಳಿಗೆ ಯಾವುದು? ನೀವು ಕಂಪ್ಯೂಟರ್ ಮುಂದೆ ಕೂತ ಗಳಿಗೆ ಹಾಕಿದ್ದೀರಾ?

ಸುಮಾ_ಮೈಸೂರು
ಇಲ್ಲ ಸರ್. ವಾಟ್ಸಾಪ್ ಬಂದದ್ದು 2.10ಕ್ಕೆ. ನಾನು ಅಡುಗೆಮನೆಯಲ್ಲಿದ್ದೆ. ನೋಡಿದ್ದು 4.22ಕ್ಕೆ, ಅದನ್ನೇ ಹಾಕಿದೆ.

ಲಗ್ನಪತಿ
ಅಲ್ಲೇ ಇದೆ ನೋಡಿ! 2.10ಕ್ಕೆ ಹಾಕಿದೆ. ಮಿಥುನ ಲಗ್ನ. ಎರಡು ಕಟಕ, ಅಧಿಪತಿ ಚಂದ್ರ. ಚಂದ್ರ ಕನ್ಯಾದಲ್ಲಿ, ನಾಲ್ಕನೇ ಮನೆಯಲ್ಲಿ. ನಾಲ್ಕು ಅಂದರೆ ಸ್ವಂತ ಮನೆ. ವಸ್ತು ಮನೆಯಲ್ಲೇ ಇದೆ! ಕೇಳುವವರ ಮನಸ್ಸಿನಲ್ಲಿ ಪ್ರಶ್ನೆ ಎದ್ದ ಗಳಿಗೆಯೇ ಮುಖ್ಯ.

ರೆಜಿಯೊ_ಹಾಸನ
ಲಗ್ನಪತಿಯವರೇ, ಲಿಲ್ಲಿ ಪದ್ಧತಿಯಲ್ಲಿ ಹಾಗಲ್ಲ. ಜೋಯಿಸರು ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಂಡ ಗಳಿಗೆ, ಅವರು ಇದ್ದ ಊರು. ಆಗಿನ ಕಾಲದಲ್ಲಿ ಕಾಗದ ಬರೆದದ್ದು ಒಂದು ದಿನ, ಅದು ಲಂಡನ್‌ಗೆ ಬಂದು ಮುಟ್ಟಿದ್ದು ಇನ್ನೊಂದು ದಿನ. 4.22 ಸರಿಯಾಗಿಯೇ ಇದೆ.

ಸುಮಾ ಅವರೇ, ಮೂರು ವಿಷಯ ಬೇಕು. ಅಯನಾಂಶ, ಅಂದರೆ ರಾಶಿಚಕ್ರ ಎಲ್ಲಿಂದ ಶುರು ಅನ್ನುವ ಲೆಕ್ಕ, ಯಾವುದು? ಮನೆಗಳನ್ನು ಯಾವ ಲೆಕ್ಕದಲ್ಲಿ ಭಾಗ ಮಾಡಿದ್ದೀರಿ? ಜುಮಕಿ ಯಾರದ್ದು?

ಲಗ್ನಪತಿ
ಆದರೆ 2.10ರ ಕುಂಡಲಿ ಉತ್ತರ ಸರಿಯಾಗಿ ಕೊಟ್ಟಿತಲ್ಲ. ಅದನ್ನು ಹೇಗೆ ಅಲ್ಲಗಳೆಯುತ್ತೀರಿ?

ಕವಡೆಮನೆ_ಉಡುಪಿ
ನಮ್ಮ ಕಡೆ ಗಡಿಯಾರವನ್ನು ಇಷ್ಟು ನೆಚ್ಚಿಕೊಂಡು ಕೂರುವುದಿಲ್ಲ. ಅಜ್ಜನ ಕಾಲದ 108 ಕವಡೆ ಇವತ್ತಿಗೂ ನಮ್ಮ ಮನೆಯಲ್ಲಿವೆ. ಹಿತ್ತಾಳೆ ಡಬ್ಬಿ, ಒಳಗೆ ಕೆಂಪು ಪಟ್ಟೆಯ ಚೀಲ. ಕೈ ತಾಗಿ ತಾಗಿ ಕವಡೆಯ ಬೆನ್ನು ದಂತದ ಬಣ್ಣಕ್ಕೆ ಬಂದಿದೆ. ಹಲಗೆ ಹಲಸಿನ ಮರದ್ದು, ರಾಶಿಚಕ್ರವನ್ನು ಉಳಿಯಲ್ಲಿ ಕೊರೆದದ್ದು. ಆರೂಢ, ಅಂದರೆ ಕವಡೆ ತೋರಿಸುವ ರಾಶಿ, ಬಂದ ಮೇಲೆ ಲಗ್ನದ ಜೊತೆ ಹೋಲಿಸಿ ನೋಡುವುದು. ಲಿಲ್ಲಿ ಪುಸ್ತಕ 1647ರದ್ದು, ಕೇರಳದ ಪ್ರಶ್ನಮಾರ್ಗ 1649ರದ್ದು. ಎರಡೇ ವರ್ಷದ ಅಂತರ. ನಮ್ಮದೇ ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು?

ಹಳೇಪಂಚಾಂಗ
ಕವಡೆ ಫೋಟೋ ಹಾಕಿ ಶೆಟ್ರೇ, ನೋಡುವ ಆಸೆ. ನಾನು ಇವತ್ತಿಗೂ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡು ಕೈಯಲ್ಲೇ ಲಗ್ನ ಕಟ್ಟುತ್ತೇನೆ. ಕಟ್ಟಲು ಇಪ್ಪತ್ತು ನಿಮಿಷ ಬೇಕು. ಆದರೆ ಆ ಇಪ್ಪತ್ತು ನಿಮಿಷದಲ್ಲೇ ಕುಂಡಲಿ ಅರ್ಧ ಮಾತಾಡಿರುತ್ತದೆ.

ಸುಮಾ_ಮೈಸೂರು
ಎಲ್ಲರಿಗೂ ಥ್ಯಾಂಕ್ಸ್. ರೆಜಿಯೊ ಸರ್, ಸಾಫ್ಟ್‌ವೇರ್ ಹಾಕಿದಾಗ ಹೇಗಿತ್ತೋ ಹಾಗೇ ಬಿಟ್ಟಿದ್ದೇನೆ. ಈಗ ನೋಡಿದರೆ ಲಾಹಿರಿ ಅಯನಾಂಶ ಅಂತ ಇದೆ. ಮನೆ ಭಾಗ ಮಾಡುವುದು ಅಂದರೆ ಏನು ಅಂತ ಗೊತ್ತಾಗಲಿಲ್ಲ. ಕುಂಡಲಿಯಲ್ಲಿ ಹನ್ನೆರಡು ಚೌಕ ಇರುತ್ತಲ್ಲ, ಲಗ್ನದ ಚೌಕದಿಂದ ಎಣಿಸುತ್ತೇನೆ.

ಜುಮಕಿ ಅಕ್ಕನದು. ಅದನ್ನು ಹೇಳಿರಲಿಲ್ವಾ? ಅವಳು ಶಿವಮೊಗ್ಗದಲ್ಲಿದ್ದಾಳೆ.

ರೆಜಿಯೊ_ಹಾಸನ
ಹೇಳಿರಲಿಲ್ಲ! ಮುಖ್ಯವಾದದ್ದೇ ಅದು. ಇಲ್ಲಿ ಮೂರು ತಪ್ಪು ಒಂದರ ಮೇಲೊಂದು ಕೂತಿವೆ. ಒಂದೊಂದಾಗಿ ಬಿಡಿಸೋಣ.

ಮೊದಲು ಯಾರ ವಸ್ತು ಅನ್ನುವುದು. ನೀವು ನೋಡಿದ ಎರಡನೇ ಮನೆ ನಿಮ್ಮ ಸಾಮಾನಿನದ್ದು. ಅಕ್ಕ ಮೂರನೇ ಮನೆ. ಅಕ್ಕನ ಸಾಮಾನು ಅಂದರೆ ಮೂರರಿಂದ ಎರಡು, ಅಂದರೆ ಕುಂಡಲಿಯ ನಾಲ್ಕನೇ ಮನೆ. ಎಣಿಸುವಾಗ ಮೂರನ್ನೇ ಒಂದು ಅಂತ ಹಿಡಿಯಬೇಕು. ಲಿಲ್ಲಿ ತನ್ನ ಮೀನು ಕಳವಾದಾಗ, 1638ರಲ್ಲಿ, ನೇರ ಎರಡನೇ ಮನೆ ನೋಡಿದ. ಮೀನು ಅವನದೇ, ಪ್ರಶ್ನೆಯೂ ಅವನದೇ. ನಿಮ್ಮ ಪ್ರಶ್ನೆ ಹಾಗಲ್ಲ.

ಆಮೇಲೆ ಅಯನಾಂಶ. ಲಿಲ್ಲಿ ಓದಿದ್ದು ಸಾಯನ ರಾಶಿ, ವಸಂತ ವಿಷುವದಿಂದ ಎಣಿಸುವುದು. ನಿಮ್ಮದು ನಿರಯನ, ನಕ್ಷತ್ರಗಳಿಂದ ಎಣಿಸುವುದು. ಎರಡಕ್ಕೂ ಈಗ 24 ಡಿಗ್ರಿ ಚಿಲ್ಲರೆ ಅಂತರ. ನಿಮ್ಮ ಲಗ್ನ ಕಟಕ 20 ಡಿಗ್ರಿ, ಅವನ ಲೆಕ್ಕದಲ್ಲಿ ಸಿಂಹ 14. ಲಗ್ನಾಧಿಪತಿಯೇ ಬದಲಾದ. ನಿರಯನ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಸೂತ್ರ ಓದಿ ಬೇರೆ ಆಕಾಶಕ್ಕೆ ಹಚ್ಚಿದರೆ ಎರಡೂ ಕೆಡುತ್ತವೆ.

ಮೂರನೆಯದು ಚೌಕದ್ದು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ನಾನೂ ಎರಡು ವರ್ಷ ಇಲ್ಲೇ ಸಿಕ್ಕಿಕೊಂಡಿದ್ದೆ. ನಮ್ಮ ದಕ್ಷಿಣದ ಕುಂಡಲಿಯಲ್ಲಿ ಚೌಕ ಅಂದರೆ ರಾಶಿ. ಅದು ಜಾಗ ಬಿಟ್ಟು ಕದಲುವುದಿಲ್ಲ. ಹಾಗಾಗಿ ಒಂದು ರಾಶಿ, ಒಂದು ಮನೆ ಅಂತ ಕಣ್ಣಿಗೆ ಚಿಕ್ಕಂದಿನಿಂದ ಕೂತುಬಿಟ್ಟಿದೆ. ಲಿಲ್ಲಿ ಮನೆ ಭಾಗ ಮಾಡುತ್ತಿದ್ದ ರೆಜಿಯೊಮೊಂಟಾನಸ್ ಲೆಕ್ಕದಲ್ಲಿ ಮನೆಗೆ ಬಾಗಿಲು ಇದೆ. ಒಂದು ಡಿಗ್ರಿಯಲ್ಲಿ ತೆರೆಯುತ್ತದೆ, ಮುಂದಿನ ಬಾಗಿಲವರೆಗೂ ಅದೇ ಮನೆ. ರಾಶಿಯ ನಡುವೆ ಬೇಕಾದರೂ ಬಾಗಿಲು ಬರಬಹುದು.

ನಿಮ್ಮ 4.22ರ ಕುಂಡಲಿ ಹೀಗೆ ಬಂತು. ಲಗ್ನ ಸಿಂಹ 14. ಮೂರನೇ ಬಾಗಿಲು ತುಲಾ 13, ಅಧಿಪತಿ ಶುಕ್ರ, ಅವನೇ ಅಕ್ಕ. ನಾಲ್ಕನೇ ಬಾಗಿಲು ವೃಶ್ಚಿಕ 15, ಅಧಿಪತಿ ಕುಜ, ಅವನೇ ಜುಮಕಿ. ಕುಜ ಮೀನ 2ರಲ್ಲಿದ್ದಾನೆ. ಚೌಕ ಎಣಿಸಿದರೆ ಸಿಂಹದಿಂದ ಮೀನ ಎಂಟು, ಮತ್ತೆ ಸಾವಿನ ಮನೆ. ಆದರೆ ಎಂಟನೇ ಬಾಗಿಲು ತೆರೆಯುವುದು ಮೀನ 12 ದಾಟಿದ ಮೇಲೆ. ಬಾಗಿಲಿಗೆ 5 ಡಿಗ್ರಿ ಒಳಗಿದ್ದರೆ ಮುಂದಿನ ಮನೆಗೆ ಸೇರಿಸುವ ರೂಢಿ ಇದೆ. ಇಲ್ಲಿ ಹತ್ತು ಡಿಗ್ರಿ ದೂರ. ಹಾಗಾಗಿ ಕುಜ ಇನ್ನೂ ಏಳರಲ್ಲೇ ಇದ್ದಾನೆ.

ಏಳು ಅಂದರೆ ಕಳ್ಳ ಅಂತ ಹೆದರಬೇಡಿ. ಮೂರರಿಂದ ಎಣಿಸಿ. ಮೂರು, ನಾಲ್ಕು, ಐದು, ಆರು, ಏಳು. ಅದು ಅಕ್ಕನ ಐದನೇ ಮನೆ. ಮಕ್ಕಳು, ಆಟ. ರವಿಗೂ ಕುಜನಿಗೂ ಹನ್ನೆರಡೇ ಡಿಗ್ರಿ ಅಂತರ, ಕಿರಣದ ಒಳಗೆ ಮುಚ್ಚಿಹೋಗಿದ್ದಾನೆ. ವಸ್ತು ಇದೆ, ಕಣ್ಣಿಗೆ ಬೀಳುತ್ತಿಲ್ಲ. ಮೀನ ನೀರಿನ ರಾಶಿ, ಬಚ್ಚಲು ಅಥವಾ ನೀರಿನ ಹತ್ತಿರ. ಎಲ್ಲಿ ಸಿಕ್ಕಿತು ಅಂತ ನೀವು ಇನ್ನೂ ಹೇಳಿಲ್ಲ. ಮಕ್ಕಳ ಸಾಮಾನಿನಲ್ಲಾ?

ಕವಡೆಮನೆ_ಉಡುಪಿ
ಅಕ್ಕ ಮೂರನೇ ಮನೆ ಹೇಗಾಗುತ್ತಾಳೆ? ಮೂರು ತಮ್ಮ ತಂಗಿಯರದ್ದು. ಅಣ್ಣ ಅಕ್ಕ ಹನ್ನೊಂದು. ಇಷ್ಟು ಸಣ್ಣ ವಿಷಯ ತಪ್ಪಿದರೆ ಹೇಗೆ?

ರೆಜಿಯೊ_ಹಾಸನ
ನಮ್ಮ ಶಾಸ್ತ್ರದಲ್ಲಿ ಹೌದು. ಲಿಲ್ಲಿಗೆ ದೊಡ್ಡವರು ಚಿಕ್ಕವರು ಅಂತ ಭೇದ ಇಲ್ಲ, ಎಲ್ಲರೂ ಮೂರು. ತಾಯಿಯೂ ಹಾಗೇ. ನಮಗೆ ನಾಲ್ಕು ತಾಯಿ, ಅವನಿಗೆ ನಾಲ್ಕು ತಂದೆ, ಹತ್ತು ತಾಯಿ. ಅದಕ್ಕೇ ಎರಡನ್ನೂ ಕಲಸಬೇಡಿ ಅನ್ನುವುದು.

ಕವಡೆಮನೆ_ಉಡುಪಿ
ತಾಯಿಯನ್ನು ನಾಲ್ಕರಿಂದ ಎಬ್ಬಿಸಿ ಹತ್ತಕ್ಕೆ ಕೂರಿಸುವ ಶಾಸ್ತ್ರ ನನಗೆ ಬೇಡ. ಹೆತ್ತವಳ ಮಡಿಲು, ಮನೆ, ನೆಲ, ನೀರು ಎಲ್ಲಾ ನಾಲ್ಕು. ಅದರಲ್ಲಿ ಒಂದು ಅರ್ಥ ಇದೆ.

ಹಳೇಪಂಚಾಂಗ
ಇಬ್ಬರೂ ಸರಿ. ಆದರೆ ಇದಕ್ಕೆ ಬೇರೆ ಎಳೆ ತೆರೆಯಿರಿ. ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಾಳೆ.

ಕೆಪಿ_249
ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೆಪಿ (ಕೃಷ್ಣಮೂರ್ತಿ) ಪದ್ಧತಿಯಲ್ಲಿ 1ರಿಂದ 249ರ ಒಳಗೆ ಒಂದು ಸಂಖ್ಯೆ ಕೇಳಿದರೆ ಲಗ್ನ ಅಲ್ಲೇ ಸಿಗುತ್ತದೆ. 2.10, 4.22 ಅಂತ ಲಗ್ನಕ್ಕೆ ಜಗಳವೇ ಬರುವುದಿಲ್ಲ. ಅಲ್ಲೂ ಮನೆಗೆ ಬಾಗಿಲು ಉಂಟು, ಪ್ಲಾಸಿಡಸ್ ಅನ್ನುವ ಇನ್ನೊಂದು ಲೆಕ್ಕದ್ದು. ನಾನು ಹಳೇ ಲ್ಯಾಪ್‌ಟಾಪ್ ಒಂದನ್ನು ಇದಕ್ಕೇ ಮೀಸಲಿಟ್ಟಿದ್ದೇನೆ, ಇಂಟರ್‌ನೆಟ್ ಕೂಡ ಹಾಕಿಲ್ಲ.

ಸುಮಾ_ಮೈಸೂರು
ರೆಜಿಯೊ ಸರ್, ಓದಿ ಕೈ ನಡುಗಿತು. ಅಕ್ಕನ ಮಗಳಿಗೆ ಆರು ವರ್ಷ. ಜುಮಕಿ ಸಿಕ್ಕಿದ್ದು ಅವಳ ಗೊಂಬೆ ಪೆಟ್ಟಿಗೆಯಲ್ಲಿ. ಗೊಂಬೆಗೆ ಮದುವೆ ಮಾಡಿ, ಜುಮಕಿಯನ್ನು ಅದರ ಸೀರೆಯ ಮಡಿಕೆಗೆ ಸಿಕ್ಕಿಸಿ, ಮೇಲೆ ಕರ್ಚೀಫು ಮುಚ್ಚಿ ಮಲಗಿಸಿದ್ದಳು. ಅಮ್ಮ ಅಳುವುದನ್ನು ನೋಡಿ ಹೇಳೋಕೆ ಹೆದರಿದ್ದಾಳೆ. ನೀರು ಮಾತ್ರ ಹೊಂದಲಿಲ್ಲ. ಪೆಟ್ಟಿಗೆ ಇದ್ದದ್ದು ಮಲಗುವ ಕೋಣೆಯ ಮಂಚದ ಕೆಳಗೆ, ಬಚ್ಚಲು ಮನೆ ಆ ಕಡೆಯ ತುದಿ.

ಅಯನಾಂಶ ತೆಗೆದು ಸಾಯನ ಮಾಡಿದೆ. ರೆಜಿಯೊಮೊಂಟಾನಸ್ ಹಾಕಿದೆ. ಹಳೆಯ ಎರಡು ಕುಂಡಲಿಯನ್ನೂ ಮತ್ತೆ ತೆಗೆದೆ. ಪಕ್ಕದ ಮನೆಯವರ ನಾಯಿ ಕಳೆದಿತ್ತು, ನಾನು ಆರನೇ ಮನೆ ನೋಡಿದ್ದೆ. ಈಗ ನೆರೆಯವರು ಮೂರು, ಅವರ ಸಣ್ಣ ಪ್ರಾಣಿ ಅಲ್ಲಿಂದ ಆರು, ಅಂದರೆ ಎಂಟು ಅಂತ ಹಿಡಿದು ನೋಡಿದೆ. ನಾಯಿ ಮೂರನೇ ದಿನ ತಾನಾಗಿ ಬಂದದ್ದಕ್ಕೆ ಸರಿಯಾಗಿಯೇ ಕೂತಿತು.

ಮೂರನೆಯದು ಕೂರುತ್ತಿಲ್ಲ. ಫೋನು ನನ್ನದೇ, ಪ್ರಶ್ನೆಯೂ ನನ್ನದೇ, ಬೇರೆಯವರ ಮನೆಯಿಂದ ಎಣಿಸಲು ಏನೂ ಇಲ್ಲ. ಎರಡನೇ ಮನೆ ಅಧಿಪತಿ ಒಂದರಲ್ಲಿ, ನನ್ನ ಕೈಯಲ್ಲೇ ಇದೆ ಅನ್ನುವ ಹಾಗೆ. ಆದರೆ ಫೋನು ಇವತ್ತಿಗೂ ಸಿಕ್ಕಿಲ್ಲ.

ರೆಜಿಯೊ_ಹಾಸನ
ನೀರಿನ ವಿಷಯ ನಾನು ತಪ್ಪಿದೆ, ಒಪ್ಪಿದೆ. ಫೋನಿನ ಲಗ್ನ ಎಷ್ಟು ಡಿಗ್ರಿ? 3ಕ್ಕಿಂತ ಕಡಿಮೆ ಇದ್ದರೆ ಅಥವಾ 27 ದಾಟಿದ್ದರೆ ತೀರ್ಪು ಕೊಡಬೇಡಿ ಅನ್ನುವ ಎಚ್ಚರಿಕೆ ಇದೆ. ಇನ್ನೊಂದು ವಿಷಯ, ಫೋನನ್ನು ಎರಡನೇ ಮನೆಗೇ ಸೇರಿಸಬೇಕಾ ಅಂತ ಯೋಚಿಸಿ. ಸುದ್ದಿ, ಕಾಗದ ಮೂರನೇ ಮನೆಯದ್ದು. ನಾನು ಫೋನನ್ನು ಸಾಮಾನು ಅಂತಲೇ ಹಿಡಿಯುತ್ತೇನೆ, ಒಪ್ಪದವರೂ ಇದ್ದಾರೆ.

ಸುಮಾ_ಮೈಸೂರು
ಲಗ್ನ 16 ಡಿಗ್ರಿ ಸರ್. ಎಚ್ಚರಿಕೆಗೆ ಸಿಗುವುದಿಲ್ಲ. ರಾತ್ರಿ ಮೂರನೇ ಮನೆ ಇಟ್ಟುಕೊಂಡು ಮತ್ತೆ ನೋಡುತ್ತೇನೆ.

ಲಗ್ನಪತಿ
ಫೋನು ಕಳೆದದ್ದು ನಿಮಗೆ ಗೊತ್ತಾದ ಗಳಿಗೆ ಎಷ್ಟು? ಕುಂಡಲಿ ಹಾಕಿದ್ದು ಎಷ್ಟೊತ್ತಿಗೆ?